ಕ್ಯೂಸೆಕ್ ಬಲ್ಲವರಿಗೆ ಕಿಲೋವ್ಯಾಟ್

ನವಲಗುಂದ ತಾಲ್ಲೂಕಿನ ಯಾವುದೇ ಊರಿನ ಕಟ್ಟೆಯ ಮೇಲೆ ಕುಳಿತವರನ್ನು ಮಲಪ್ರಭೆಯ ಬಗ್ಗೆ ಕೇಳಿ. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ, ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂಬುದನ್ನು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ನವಿಲುತೀರ್ಥದ ಜಲಾಶಯ ತುಂಬಿದರೆ 37.73 ಟಿಎಂಸಿ. ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಿಕೊಳ್ಳಲು ನ್ಯಾಯಮಂಡಳಿ 2018ರಲ್ಲಿ ಒಪ್ಪಿದ್ದು 3.9 ಟಿಎಂಸಿ. ಈ ಅಂಕಿಗಳನ್ನು ಇಲ್ಲಿನವರಿಗೆ ಕಲಿಸಿದ್ದು ನೀರಿಲ್ಲದೆ ಒಣಗಿದ ಬೆಳೆ.

ಈಗ ಅದೇ ಕಟ್ಟೆಗೆ ಬೇರೆ ಶಬ್ದಗಳು ಬಂದಿವೆ. ಸೋಲಾರ್ ಮಾರಲು ಬಂದ ಹುಡುಗ, "ಮೂರು ಕಿಲೋವ್ಯಾಟ್ ಹಾಕಿಸ್ರಿ ಕಾಕಾರ, ಬಿಲ್ಲ ಬರಂಗಿಲ್ಲ" ಅನ್ನುತ್ತಾನೆ. "ಕಿಲೋವ್ಯಾಟ್ ಇರ್ಲಿ ತಮ್ಮಾ, ನನ್ನ ಬಿಲ್ಲಿನ್ಯಾಗ ಇರೂದು ಯೂನಿಟ್. ದಿನಕ್ಕ ಎಷ್ಟು ಯೂನಿಟ್ ಬೀಳ್ತಾವ ಅದನ್ನ ಹೇಳು" ಅನ್ನುತ್ತಾರೆ ಕಾಕಾ. ಇಡೀ ಸೌರವಿದ್ಯುತ್ತಿನ ಲೆಕ್ಕ ಕಾಕಾರ ಆ ಒಂದು ಪ್ರಶ್ನೆಯಲ್ಲಿದೆ.

ಹರಿಯುವ ವೇಗ, ಹರಿದ ಮೊತ್ತ

ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ. ಮೊದಲನೆಯದು ಹರಿಯುವ ವೇಗ, ಎರಡನೆಯದು ಹರಿದ ನೀರಿನ ಮೊತ್ತ. 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ ಆಗುತ್ತದೆ.

ಕಿಲೋವ್ಯಾಟ್ ಎಂದರೆ ಕರೆಂಟಿನ ಕ್ಯೂಸೆಕ್, ಯೂನಿಟ್ ಎಂದರೆ ಕರೆಂಟಿನ ಟಿಎಂಸಿ. ಸಾವಿರ ವ್ಯಾಟಿಗೆ ಒಂದು ಕಿಲೋವ್ಯಾಟ್. ಸಾವಿರ ವ್ಯಾಟಿನ ಹೀಟರ್ ಒಂದು ತಾಸು ಉರಿದರೆ ಒಂದು ಯೂನಿಟ್. ಹತ್ತು ವ್ಯಾಟಿನ ಎಲ್‌ಇಡಿ ಬಲ್ಬು ನೂರು ತಾಸು ಉರಿದರೂ ಅದೇ ಒಂದು ಯೂನಿಟ್. ಬಿಲ್ಲಿನಲ್ಲಿ ಯೂನಿಟ್ ಎಂದು ಬರುವುದರ ಪೂರ್ಣ ಹೆಸರು ಕಿಲೋವ್ಯಾಟ್ ಅವರ್. ವೇಗವನ್ನು ತಾಸಿನಿಂದ ಗುಣಿಸಿದರೆ ಮೊತ್ತ ಸಿಗುತ್ತದೆ ಎಂಬುದನ್ನು ಆ ಹೆಸರೇ ಹೇಳುತ್ತದೆ.

ಹೊಲದಲ್ಲಿ ಇನ್ನೊಂದು ಅಳತೆ ಇದೆ, ಎಚ್‌ಪಿ. ಕುದುರೆಗಳಿಂದ ಕೆಲಸ ಮಾಡಿಸುತ್ತಿದ್ದವರಿಗೆ ತನ್ನ ಉಗಿಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ತಿಳಿಸಲು ಜೇಮ್ಸ್ ವ್ಯಾಟ್ ಬಳಕೆಗೆ ತಂದ ಅಳತೆ ಇದು. ಕೊಳ್ಳುವವನಿಗೆ ಅವನಿಗೆ ಗೊತ್ತಿರುವ ಅಳತೆಯಲ್ಲಿ ಹೇಳಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಕಲಘಟಗಿಯ ಕೊಳವೆಬಾವಿಯ ಮೇಲಿನ 5 ಎಚ್‌ಪಿ ಮೋಟರ್ 3.73 ಕಿಲೋವ್ಯಾಟ್. ಏಳು ತಾಸು ಓಡಿದರೆ 26 ಯೂನಿಟ್. ಮೋಟರಿನೊಳಗೇ ಕಾವಾಗಿ ಹೋಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುವುದರಿಂದ ಈ ಯೂನಿಟ್ಟುಗಳು ರೈತರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಮ್ಮ ಹೊಲಗಳಿಗೆ ಎಚ್‌ಪಿ ಗೊತ್ತು, ಮನೆಗೆ ಯೂನಿಟ್ ಗೊತ್ತು. ಇವೆರಡರ ನಡುವಿನ ಸೇತುವೆ ಕಿಲೋವ್ಯಾಟ್.

ಫಲಕದ ಮೇಲೆ ಬರೆದ ಅಂಕಿ

ಸೋಲಾರ್ ಫಲಕದ ಹಿಂದೆ 540 ವ್ಯಾಟ್ ಪೀಕ್ ಎಂದು ಬರೆದಿರುತ್ತದೆ. ಪೀಕ್ ಎಂಬ ಶಬ್ದವನ್ನು ಬಿಟ್ಟು ಓದಬಾರದು. ಅದು ಪ್ರಯೋಗಾಲಯದಲ್ಲಿ ಅಳೆದ ಅಂಕಿ. ಒಂದು ಚದರ ಮೀಟರಿಗೆ ಸಾವಿರ ವ್ಯಾಟ್ ಬೆಳಕು ಬೀಳುವಾಗ, ಫಲಕದೊಳಗಿನ ಸಿಲಿಕಾನ್ ಬಿಲ್ಲೆಗಳು 25 ಡಿಗ್ರಿಯಲ್ಲಿ ತಂಪಾಗಿರುವಾಗ ಸಿಗುವ ವೇಗ ಅದು. ಏಪ್ರಿಲ್ ಮಧ್ಯಾಹ್ನ ನವಲಗುಂದದಲ್ಲಿ ಗಾಳಿಯೇ 38 ಡಿಗ್ರಿ ದಾಟಿದಾಗ ಫಲಕ 65 ಡಿಗ್ರಿಗೆ ಏರಬಲ್ಲದು. ಒಂದೊಂದು ಡಿಗ್ರಿ ಏರಿದಂತೆ ಅದರ ಶಕ್ತಿ ಸುಮಾರು ಶೇ 0.35ರಷ್ಟು ಇಳಿಯುತ್ತದೆ. ನಲವತ್ತು ಡಿಗ್ರಿ ಏರಿದರೆ ಶೇ 14 ಹೋಯಿತು. ಸೋಲಾರಿಗೆ ಬೇಕಿರುವುದು ಬೆಳಕು, ಕಾವು ಅದಕ್ಕೆ ಶತ್ರು. ಹಿಂಗಾರಿನ ಜೋಳ ಕಾಳು ಕಟ್ಟುವ ತಂಪು ದಿನಗಳ ನಿಚ್ಚಳ ಬಿಸಿಲನ್ನು ಅದು ಚೆನ್ನಾಗಿ ಉಣ್ಣುತ್ತದೆ.

ಸೂರ್ಯ ಬೆಳಿಗ್ಗೆ ಓರೆಯಾಗಿ ಬರುತ್ತಾನೆ, ಸಂಜೆ ಓರೆಯಾಗಿ ಹೋಗುತ್ತಾನೆ, ರಾತ್ರಿ ಇರುವುದಿಲ್ಲ. ಇದನ್ನೆಲ್ಲ ಕಳೆದು ಉಳಿಯುವ ಪಾಲಿಗೆ ವಿದ್ಯುತ್ ಇಲಾಖೆಯವರು ಸಿಯುಎಫ್ ಅನ್ನುತ್ತಾರೆ. ಕಾಲುವೆಯನ್ನು ಎಷ್ಟೇ ಕ್ಯೂಸೆಕ್‌ಗೆ ಕಟ್ಟಿರಲಿ, ವರ್ಷವಿಡೀ ಅದು ತುಂಬಿ ಹರಿಯುವುದಿಲ್ಲವಲ್ಲ, ಹಾಗೆ. ಕರ್ನಾಟಕದ ಸೌರಸ್ಥಾವರಗಳ ಲೆಕ್ಕದಲ್ಲಿ ಶೇ 19ರ ಸಿಯುಎಫ್ ಹಿಡಿಯುವ ರೂಢಿಯಿದೆ. ಅಂದರೆ ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕೂವರೆ ಯೂನಿಟ್. ಮನೆಯ ಮಾಳಿಗೆಗೆ ನಾಲ್ಕು ಎಂದು ಹಿಡಿದರೆ ಮೋಸವಿಲ್ಲ. ಕಾಕಾರ ಪ್ರಶ್ನೆಗೆ ಉತ್ತರ ಸಿಕ್ಕಿತು: ಮೂರು ಕಿಲೋವ್ಯಾಟ್ ಎಂದರೆ ದಿನಕ್ಕೆ 12 ಯೂನಿಟ್, ತಿಂಗಳಿಗೆ 360. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆಗಾಲದ ಮೋಡ ದಟ್ಟ, ಅಲ್ಲಿ ಆ ತಿಂಗಳುಗಳಲ್ಲಿ ಇನ್ನೂ ಕಡಿಮೆ ಹಿಡಿಯಬೇಕು.

ಧಾರವಾಡ ಜಿಲ್ಲೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ವರ್ಷದ ಲೆಕ್ಕದಲ್ಲಿ ಹೆಚ್ಚು ಬೆಳಕು ಸಿಗುತ್ತದೆ. ಬೇವಿನ ಟೊಂಗೆಯ ನೆರಳಾಗಲಿ ನೀರಿನ ಟಾಕಿಯ ನೆರಳಾಗಲಿ ಬೀಳಬಾರದು. ಒಳಗಿನ ಬಿಲ್ಲೆಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿದವು. ಕಾಲುವೆಯಲ್ಲಿ ಒಂದು ಕಡೆ ಹೂಳು ಕಟ್ಟಿದರೆ ಕೆಳಗಿನವರಿಗೆಲ್ಲ ನೀರು ಕಡಿಮೆಯಾಗುವಂತೆ, ಒಂದು ಬಿಲ್ಲೆಗೆ ನೆರಳಾದರೆ ಸಾಲೇ ಸೊರಗುತ್ತದೆ. ಅಣ್ಣಿಗೇರಿ, ಕುಂದಗೋಳದ ಎರೆಸೀಮೆಯಲ್ಲಿ ಕಡಲೆ ರಾಶಿ ಮಾಡುವಾಗ ಏಳುವ ಹೊಟ್ಟು, ದೂಳು ಫಲಕವನ್ನು ಮುಚ್ಚುತ್ತವೆ. ಬೆಳಿಗ್ಗೆ ತಂಪಿರುವಾಗಲೇ ಒರೆಸಬೇಕು, ಸವಳು ನೀರು ಹಾಕದೆ ಕೆರೆಯ ಅಥವಾ ಮಳೆಯ ನೀರು ಬಳಸಬೇಕು. ಸವಳು ಒಣಗಿ ಉಳಿಯುವ ಬಿಳಿ ಕಲೆ ದೂಳಿಗಿಂತ ಹಟಮಾರಿ.

ತಂತಿಯ ಆ ತುದಿ, ಈ ತುದಿ

ಫಲಕ ಕೊಡುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಗೆ ಬರುವುದು ಎಸಿ, ಅದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ಪೆಟ್ಟಿಗೆ ಇನ್ವರ್ಟರ್. ಆನ್‌ಗ್ರಿಡ್ ವ್ಯವಸ್ಥೆಯಲ್ಲಿ ಹೆಚ್ಚಾದ ಕರೆಂಟ್ ಹೆಸ್ಕಾಂ ತಂತಿಗೆ ಹೋಗುತ್ತದೆ, ಕಡಿಮೆ ಬಿದ್ದಾಗ ಅಲ್ಲಿಂದ ಬರುತ್ತದೆ. ಕೊಟ್ಟದ್ದು, ತಂದದ್ದು ಎರಡನ್ನೂ ಬರೆದಿಡುವ ವ್ಯವಸ್ಥೆ ನೆಟ್ ಮೀಟರಿಂಗ್. ಮಗ್ಗುಲ ಮನೆಗೆ ಕಡ ಕೊಟ್ಟ ಜೋಳದ ಲೆಕ್ಕದಂತೆ ಅದು.

ಇಲ್ಲಿ ಬಹಳ ಜನ ಎಡವುತ್ತಾರೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಹಾಕಿಸಿದ ಮನೆಯಲ್ಲಿ ಲೈನಿನ ಕರೆಂಟ್ ಹೋದರೆ ನಡುಹಗಲಲ್ಲೂ ಫ್ಯಾನ್ ನಿಲ್ಲುತ್ತದೆ. ಇದು ಯಂತ್ರದ ದೋಷವಲ್ಲ. ಕಂಬ ಹತ್ತಿದ ಲೈನ್‌ಮನ್ ಕರೆಂಟ್ ಇಲ್ಲವೆಂದು ತಂತಿ ಮುಟ್ಟಿದಾಗ ನಮ್ಮ ಮಾಳಿಗೆಯಿಂದ ಹರಿದು ಬಂದದ್ದು ಅವನ ಜೀವ ತೆಗೆಯಬಾರದು ಎಂದು ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಕತ್ತಲಲ್ಲಿ ದೀಪ ಬೇಕೆಂದರೆ ಹೈಬ್ರಿಡ್ ಅಥವಾ ಆಫ್‌ಗ್ರಿಡ್ ಎಂದು ಕೇಳಬೇಕು, ಬ್ಯಾಟರಿಗೆ ದುಡ್ಡು ಇಡಬೇಕು. ಬ್ಯಾಟರಿಯ ಮೇಲೆ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಎಂದಿದ್ದರೆ ಎರಡನ್ನೂ ಗುಣಿಸಿ: 1,800 ವ್ಯಾಟ್ ಅವರ್, ಕಾಗದದ ಮೇಲೆ 1.8 ಯೂನಿಟ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬೇಗ ಸಾಯುವುದರಿಂದ ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ವೋಲ್ಟೇಜ್ ಎಂದರೆ ಕರೆಂಟನ್ನು ಮುಂದಕ್ಕೆ ತಳ್ಳುವ ಒತ್ತಡ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರ ಹೋದಷ್ಟೂ ಅದು ಇಳಿಯುತ್ತದೆ. ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೋಲ್ಟೇಜ್ ಇಳಿದರೂ ಎತ್ತಬೇಕಾದ ನೀರು ಅಷ್ಟೇ ಇರುವುದರಿಂದ ಮೋಟರ್ ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ, ಕಾಯಿಲ್ ಕಾದು ಸುಡುತ್ತದೆ. ಹೊಲಗಳ ಹತ್ತಿರವೇ ಸೌರವಿದ್ಯುತ್ ತಯಾರಿಸಿ ಪಂಪ್‌ಸೆಟ್‌ಗಳ ಫೀಡರಿಗೆ ಹಗಲಲ್ಲಿ ಕೊಡುವ ಕುಸುಮ್-ಸಿ ಯೋಜನೆಯ ಬೆಲೆ ಇರುವುದು ಇಲ್ಲೇ. ನೀರು ಹಾಯಿಸಲು ನಡುರಾತ್ರಿ ಹಾವು ಚೇಳಿನ ನಡುವೆ ಹೋಗುವುದು ತಪ್ಪುತ್ತದೆ.

ದೊಡ್ಡ ಸ್ಥಾವರಗಳ ಸುದ್ದಿ ಓದುವಾಗಲೂ ಇದೇ ಎಚ್ಚರ ಬೇಕು. ಪಾವಗಡದ ಸೌರ ಪಾರ್ಕ್ 2,050 ಮೆಗಾವ್ಯಾಟ್, ಶರಾವತಿಯ ವಿದ್ಯುದಾಗಾರ 1,035. ಅಂಕಿಯಲ್ಲಿ ಪಾವಗಡ ದುಪ್ಪಟ್ಟು. ಆದರೆ ಸಂಜೆ ಏಳಕ್ಕೆ ಊರೆಲ್ಲ ದೀಪ ಹಚ್ಚುವಾಗ ಪಾವಗಡ ಸೊನ್ನೆ, ಆಗ ಕೈ ಹಿಡಿಯುವುದು ಶರಾವತಿ.

ಸಹಿ ಹಾಕುವ ಮುನ್ನ

2024ರಲ್ಲಿ ಶುರುವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆ ಮನೆಗೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. ಒಳ್ಳೆಯ ನೆರವು. ಆದರೂ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಿಂದ ಬಿಲ್ಲು ಸೊನ್ನೆ ಬರುವ ಮನೆಗೆ ಉಳಿತಾಯ ಎಲ್ಲಿಂದ ಬರಬೇಕು ಎಂದು ಮೊದಲು ಯೋಚಿಸಬೇಕು. ಹೆಚ್ಚು ಯೂನಿಟ್ ಸುಡುವ ಮನೆಯ ಲೆಕ್ಕ ಬೇರೆ, ಹಿಟ್ಟಿನ ಗಿರಣಿಯ ಲೆಕ್ಕ ಬೇರೆ.

ನೀರು ಮುಟ್ಟದ ಹೊಲಕ್ಕೂ ಕರ ಕೇಳಿದಾಗ ಎದ್ದು ನಿಂತ ನೆಲ ಇದು. 1980ರ ಜುಲೈ 21ರ ಗೋಲಿಬಾರಿನಲ್ಲಿ ಇಲ್ಲಿನ ರೈತರು ಪ್ರಾಣ ತೆತ್ತರು. ನಕ್ಷೆಯಲ್ಲಿ ಹರಿಯುವ ನೀರು ಬೇರೆ, ಸಾಲಿಗೆ ಬಂದ ನೀರು ಬೇರೆ ಎಂಬುದನ್ನು ನವಲಗುಂದ ಅಷ್ಟು ದೊಡ್ಡ ಬೆಲೆ ಕೊಟ್ಟು ಹೇಳಿತು. ಸೋಲಾರ್ ಒಳ್ಳೆಯದು, ನಮ್ಮ ಬಯಲಿಗೆ ಒಗ್ಗುವಂಥದ್ದು. ಅದನ್ನು ಕೊಳ್ಳುವಾಗಲೂ ಆ ತಿಳಿವಳಿಕೆ ಜೊತೆಗಿರಲಿ. ಕೊಟೇಶನ್ನಿನಲ್ಲಿ ಕಿಲೋವ್ಯಾಟಿನ ಪಕ್ಕದಲ್ಲೇ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ವರ್ಷ ತುಂಬಿದ ದಿನ ಮೀಟರಿನ ಮುಂದೆ ನಿಂತು ಆ ಕಾಗದ ತೆಗೆದು ನೋಡಿ.