ಕಾಗದದಲ್ಲಿ ಉಳಿದ ಸೊನಾಟಾ, ಕ್ಯಾಸೆಟ್ಟಿನಲ್ಲಿ ಉಳಿದ ಮಟ್ಟು: ಮರೆತ ಸಂಗೀತ ಮತ್ತೆ ಕೇಳಿಸುವುದು ಹೇಗೆ?

ಸಿದ್ದಾಪುರ: ದೇವಸ್ಥಾನದ ಉತ್ಸವ ಇರಲಿ, ಮದುವೆ ಹಾಲ್ ಇರಲಿ, ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಸ್ವರ ಕಿವಿಗೆ ಬೀಳದೆ ಕಾರ್ಯಕ್ರಮ ಮುಗಿಯುವುದು ಕಡಿಮೆ. ಹೊರದೇಶದಿಂದ ಬಂದ ವಾದ್ಯ ಅಂತ ಈಗ ಯಾರಿಗೂ ಅನಿಸುವುದಿಲ್ಲ. ಆದರೆ ಅದರ ಅಣ್ಣನಂತಿರುವ ಕ್ಲಾರಿನೆಟ್ ಬಗ್ಗೆ ಗೊತ್ತಿರುವವರು ಕಡಿಮೆ. ಕ್ಲಾರಿನೆಟ್‌ಗೆಂದೇ ಯುರೋಪಿನಲ್ಲಿ ಬರೆದ ಎಷ್ಟೋ ಕೃತಿಗಳು ನೂರಾರು ವರ್ಷ ಪೆಟ್ಟಿಗೆಯಲ್ಲಿದ್ದು, ಈಗ ಮತ್ತೆ ಸಭೆಯಲ್ಲಿ ಕೇಳಿಸುತ್ತಿವೆ.

ಬರೆದವರೂ ಇಲ್ಲ, ಮೊದಲು ನುಡಿಸಿದವರೂ ಇಲ್ಲ, ಕೇಳಿದವರೂ ಇಲ್ಲ. ಹಾಗಿದ್ದರೂ ಆ ಸಂಗೀತವನ್ನು ಮತ್ತೆ ನುಡಿಸಲು ಆಗುವುದು ಹೇಗೆ? ಅದೇ ಕೆಲಸವನ್ನು ಯಕ್ಷಗಾನದ ಹಳೇ ಮಟ್ಟುಗಳಿಗೂ ಮಾಡಬಹುದಾ? ಅರ್ಧ ಆಗ್ತದೆ, ಇನ್ನರ್ಧ ಆಗೋದಿಲ್ಲ. ಆ ಇನ್ನರ್ಧ ಉಳಿಯುವುದೋ ಹೋಗುವುದೋ ಎನ್ನುವುದು ಬಹುಪಾಲು ಮನೆಯ ಅಟ್ಟದ ಮೇಲಿರುವ ಕ್ಯಾಸೆಟ್ ಡಬ್ಬಿಯ ಮೇಲೆ ನಿಂತಿದೆ.

ಕ್ಲಾರಿನೆಟ್ ಅಂದರೆ ಯಾವುದು?

ನೋಡಲು ಕಪ್ಪು ಮರದ ಉದ್ದ ಕೊಳವೆ. ಮೇಲೆ ಬೆಳ್ಳಿ ಬಣ್ಣದ ಕೀಲಿಗಳು. ಬಾಯಿಗಿಡುವ ಭಾಗದಲ್ಲಿ ತೆಳುವಾಗಿ ಸೀಳಿದ ಒಂದೇ ಒಂದು ರೀಡ್ ಕಟ್ಟಿರುತ್ತಾರೆ. ಉಸಿರು ಬಿದ್ದಾಗ ಅದು ನಡುಗಿ ನಾದ ಬರುತ್ತದೆ. ನಾಗಸ್ವರದಲ್ಲಿ ಜೋಡಿ ರೀಡ್, ಕ್ಲಾರಿನೆಟ್‌ನಲ್ಲಿ ಒಂಟಿ ರೀಡ್, ಇದೊಂದು ಮೂಲ ವ್ಯತ್ಯಾಸ. 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಇದನ್ನು ರೂಪಿಸಿದ ಎನ್ನುತ್ತಾರೆ. ಇದೇ ಒಂಟಿ ರೀಡ್ ಪದ್ಧತಿಯನ್ನು ಹಿತ್ತಾಳೆ ಕೊಳವೆಗೆ ಜೋಡಿಸಿ ಅಡಾಲ್ಫ್ ಸ್ಯಾಕ್ಸ್ ಸ್ಯಾಕ್ಸೋಫೋನ್ ಮಾಡಿದರು. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ.

ದಕ್ಷಿಣ ಭಾರತಕ್ಕೆ ಕ್ಲಾರಿನೆಟ್ ಬ್ಯಾಂಡ್ ಸೆಟ್ಟಿನ ಜೊತೆ ಬಂತು. ತಂಜಾವೂರು ಕಡೆ 19ನೇ ಶತಮಾನದಲ್ಲೇ ನೃತ್ಯದ ಹಿಮ್ಮೇಳಕ್ಕೆ ಸೇರಿತು. ಅದರಲ್ಲಿ ಪೂರ್ತಿ ಕರ್ನಾಟಕ ಸಂಗೀತ ಕಛೇರಿ ನಡೆಸಿ ಹೆಸರಾದ ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸ್ಯಾಕ್ಸೋಫೋನಿನ ಕಥೆ ಇನ್ನೂ ಹತ್ತಿರದ್ದು. ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಬಂಟ್ವಾಳ ಕಡೆಯ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತ. ಅವರೇ ಕದ್ರಿ ಗೋಪಾಲನಾಥ್. ಆ ವಾದ್ಯದಲ್ಲಿ ಗಮಕ ಹಿಡಿಯುವುದಕ್ಕೇ ವರ್ಷಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು.

ಸೊನಾಟಾ ಮತ್ತು ಅದು ಮರೆಯಾಗುವ ಬಗೆ

ಸೊನಾಟಾ ಅಂದರೆ ಒಂದು ಅಥವಾ ಎರಡು ವಾದ್ಯಕ್ಕೆ ಬರೆದ, ಸಾಮಾನ್ಯವಾಗಿ ಮೂರು ನಾಲ್ಕು ಭಾಗಗಳಿರುವ ದೊಡ್ಡ ಕೃತಿ. ಕ್ಲಾರಿನೆಟ್ ಸೊನಾಟಾದಲ್ಲಿ ಕ್ಲಾರಿನೆಟ್ ಜೊತೆ ಪಿಯಾನೋ ಇರುತ್ತದೆ. ಪಿಯಾನೋ ಹಿಂದೆ ಕೂತು ಬರೀ ಸಾಥ್ ಕೊಡುವುದಲ್ಲ. ತಾಳಮದ್ದಳೆಯಲ್ಲಿ ಎದುರುಬದುರು ಕೂತ ಅರ್ಥಧಾರಿಗಳಂತೆ ಇಬ್ಬರಿಗೂ ಸಮಪಾಲು ಮಾತಿರುತ್ತದೆ.

ಈ ಸಾಲಿನಲ್ಲಿ ಹೆಚ್ಚು ಹೆಸರಾದದ್ದು ಜರ್ಮನಿಯ ಬ್ರಾಹ್ಮ್ಸ್ 1894ರಲ್ಲಿ ಬರೆದ ಎರಡು ಸೊನಾಟಾ. ಕೃತಿ ರಚನೆ ಸಾಕು ಅಂತ ಕೂತಿದ್ದ ಬ್ರಾಹ್ಮ್ಸ್, ರಿಷರ್ಡ್ ಮ್ಯೂಲ್‌ಫೆಲ್ಡ್ ಎಂಬ ವಾದಕನ ಕ್ಲಾರಿನೆಟ್ ಕೇಳಿ ಮತ್ತೆ ಲೇಖನಿ ಹಿಡಿದರು. ಎಲ್ಲ ಕೃತಿಗಳಿಗೂ ಈ ಭಾಗ್ಯ ಇರಲಿಲ್ಲ. ಮೆಂಡೆಲ್‌ಸೋನ್ 1824ರಲ್ಲಿ, 15ರ ಹರೆಯದಲ್ಲಿ ಬರೆದ ಕ್ಲಾರಿನೆಟ್ ಸೊನಾಟಾ ಅವರ ಜೀವಮಾನದಲ್ಲಿ ಅಚ್ಚಾಗಲೇ ಇಲ್ಲ. ಇಂಗ್ಲೆಂಡಿನ ಆಲಿಸ್ ಮೇರಿ ಸ್ಮಿತ್ 1870ರಲ್ಲಿ ಒಂದು ಸೊನಾಟಾ ಬರೆದರು. 1884ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕೃತಿಗಳನ್ನು ಜನ ಹೆಚ್ಚುಕಮ್ಮಿ ಮರೆತರು. ಅವರು ಬರೆದ ಸಿಂಫನಿಗಳು ಸಂಪಾದನೆಯಾಗಿ ರೆಕಾರ್ಡ್ ಆಗಿದ್ದು 21ನೇ ಶತಮಾನದಲ್ಲಿ. ಪೋಲೆಂಡಿನ ವೈನ್‌ಬರ್ಗ್ 1939ರಲ್ಲಿ ಯುದ್ಧಕ್ಕೆ ಹೆದರಿ ಸೋವಿಯತ್ ದೇಶಕ್ಕೆ ಓಡಿಬಂದವರು. ಅವರು 1945ರಲ್ಲಿ ಬರೆದ ಕ್ಲಾರಿನೆಟ್ ಸೊನಾಟಾ ಹೊರಜಗತ್ತಿಗೆ ಪರಿಚಯವಾಗಲು ದಶಕಗಳೇ ಬೇಕಾದವು.

ಇವು ಕಳಪೆಯಾಗಿದ್ದಕ್ಕೆ ಮರೆಯಾದವಲ್ಲ. ಒಂದು ಕಡೆ ಅಚ್ಚು ಹಾಕುವವರಿರಲಿಲ್ಲ. ಇನ್ನೊಂದು ಕಡೆ ಬರೆದವರು ಹೆಂಗಸು ಎಂಬ ಅಸಡ್ಡೆ, ಮತ್ತೊಂದು ಕಡೆ ಯುದ್ಧ.

ಹುಡುಕಿ ನುಡಿಸುವ ಕೆಲಸ

ಇಂಥ ಕೃತಿ ಎತ್ತಿಕೊಳ್ಳುವ ವಾದಕರು ಮೊದಲು ಹೋಗುವುದು ಗ್ರಂಥಾಲಯಕ್ಕೆ, ಇಲ್ಲವೇ ರಚನೆಕಾರರ ಕುಟುಂಬದ ಮನೆಗೆ. ಹಸ್ತಪ್ರತಿ ಸಿಕ್ಕಿದರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪಿಯಾನೋ ವಾದಕರ ಪ್ರತಿಯಲ್ಲಿ ಒಂದು ಸ್ವರ, ಕ್ಲಾರಿನೆಟ್ ಪ್ರತಿಯಲ್ಲಿ ಇನ್ನೊಂದು ಸ್ವರ ಇರಬಹುದು. ಯಾವುದು ಸರಿ, ಯಾವುದು ನಕಲು ಮಾಡಿದವರ ಕೈತಪ್ಪು ಎಂದು ಕೂತು ತಾಳೆ ನೋಡಬೇಕು.

ಶ್ರುತಿಯದ್ದೂ ಒಂದು ತೊಡಕು. ಭಾಗವತರು ಬಿಳಿ ನಾಲ್ಕು, ಕಪ್ಪು ಎರಡು ಅಂತ ಶ್ರುತಿ ಹೇಳುವ ಲೆಕ್ಕದಲ್ಲೇ ಇದನ್ನು ಹೇಳಬಹುದು. ಸಾಮಾನ್ಯ ಕ್ಲಾರಿನೆಟ್‌ನ ಕಾಗದದಲ್ಲಿ ಬಿಳಿ ಒಂದು ಅಂತ ಬರೆದಿದ್ದರೆ ಊದಿದಾಗ ಕೇಳುವುದು ಅದಕ್ಕಿಂತ ಕೆಳಗಿನ ಕಪ್ಪು ಐದು. ಇನ್ನೊಂದು ಅಳತೆಯ ಕ್ಲಾರಿನೆಟ್‌ನಲ್ಲಿ ಅದೇ ಬರಹ ಬಿಳಿ ಆರಾಗಿ ಕೇಳುತ್ತದೆ. ಯಾವ ವಾದ್ಯಕ್ಕೆ ಬರೆದದ್ದು ಅಂತ ಗೊತ್ತಾಗದೆ ಊದಿದರೆ ಪಿಯಾನೋಗೂ ಕ್ಲಾರಿನೆಟ್‌ಗೂ ಹೊಂದಾಣಿಕೆಯೇ ಆಗೋದಿಲ್ಲ.

ಆಮೇಲೆ ಉಸಿರಿನ ಲೆಕ್ಕ. ಎಲ್ಲಿ ಉಸಿರು ತೆಗೆಯಬೇಕು ಅಂತ ಹೆಚ್ಚಿನ ಹಳೇ ಪ್ರತಿಗಳಲ್ಲಿ ಬರೆದಿರುವುದಿಲ್ಲ. ಅಂದಿನ ಕ್ಲಾರಿನೆಟ್‌ಗೆ ಇಂದಿನಷ್ಟು ಕೀಲಿಗಳೂ ಇರಲಿಲ್ಲ. ಈಗ ಸುಲಭವಾಗಿ ಬರುವ ಸ್ವರ ಆಗ ಕಷ್ಟದ್ದಾಗಿತ್ತು. ಹಾಗಾಗಿ ಬರೆದವರ ಮನಸ್ಸಿನಲ್ಲಿ ಅಲ್ಲಿ ನಿಧಾನ ಇತ್ತೋ ಏನೋ ಎಂದು ಯೋಚಿಸಬೇಕಾಗುತ್ತದೆ. ಕೊನೆಗೆ ಸಭೆಯಲ್ಲಿ ಜನ ಎದ್ದು ಹೋಗದಂತೆ, ಗೊತ್ತಿರುವ ಕೃತಿಯೊಂದರ ಪಕ್ಕದಲ್ಲಿ ಇದನ್ನು ಇಡುತ್ತಾರೆ.

ಇಷ್ಟೆಲ್ಲ ಕಷ್ಟ ಇದ್ದರೂ ಒಂದು ಅನುಕೂಲ ಇದೆ. ಯಾವ ಸ್ವರ, ಎಷ್ಟು ಹೊತ್ತು ಎನ್ನುವುದು ಕಾಗದದಲ್ಲಿ ಇದೆ. ನೂರೈವತ್ತು ವರ್ಷ ಯಾರೂ ನುಡಿಸದಿದ್ದರೂ ಓದಲು ಬಂದವರು ಅದನ್ನು ಎಬ್ಬಿಸಬಹುದು.

ಮೈಸೂರಿನ ಹಣ, ಲಂಡನ್ನಿನ ರೆಕಾರ್ಡ್

ಸ್ವರ ಬರೆದಿಟ್ಟರೂ ನುಡಿಸುವವರ ಕೈಗುಣವನ್ನು ಕಾಗದದಲ್ಲಿ ಇಡಲು ಆಗುವುದಿಲ್ಲ. ಇದನ್ನು ಚೆನ್ನಾಗಿ ಅರಿತವರು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ಅವರು ಪಿಯಾನೋವನ್ನೂ ಶ್ರದ್ಧೆಯಿಂದ ಕಲಿತಿದ್ದರು.

ರಷ್ಯಾ ಬಿಟ್ಟು ಬಂದ ನಿಕೊಲಾಯ್ ಮೆಟ್ನರ್ ಎಂಬ ರಚನೆಕಾರರು ಆಗ ಲಂಡನ್ನಿನಲ್ಲಿದ್ದರು. 14 ಪಿಯಾನೋ ಸೊನಾಟಾ ಬರೆದವರಾದರೂ ಕೇಳುವವರು ಕಡಿಮೆ, ವಯಸ್ಸೂ ಆಗಿತ್ತು, ಆರೋಗ್ಯವೂ ಕೆಟ್ಟಿತ್ತು. 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟು, ಎಚ್‌ಎಂವಿ ಕಂಪನಿಯ ಮೂಲಕ ಮೆಟ್ನರ್ ಅವರಿಂದಲೇ ಅವರ ಕೃತಿಗಳನ್ನು ನುಡಿಸಿ ರೆಕಾರ್ಡ್ ಮಾಡಿಸಿದರು. ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆ ಬರೆದ ಮೂರು ದೊಡ್ಡ ಕೃತಿಗಳೂ ಅದರಲ್ಲಿ ಇದ್ದವು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಎರಡು ಮೂರು ವರ್ಷ ತಡವಾಗಿದ್ದರೆ ಕಾಗದ ಉಳಿಯುತ್ತಿತ್ತು, ಆ ಕೈಯ ನುಡಿಸಾಣಿಕೆ ಉಳಿಯುತ್ತಿರಲಿಲ್ಲ.

ಕೋಟದ ಕಾರಂತರು ಕಂಡ ತೊಡಕು

ಇನ್ನು ಊರ ಕಡೆಯ ವಿಷಯ. ಕೋಟದ ಶಿವರಾಮ ಕಾರಂತರು ಯಕ್ಷಗಾನದ ಹಳೇ ಪ್ರಸಂಗ, ಹಸ್ತಪ್ರತಿ, ರಾಗ ತಾಳಗಳ ಬೆನ್ನು ಹತ್ತಿ ಓಡಾಡಿದರು. 1957ರಲ್ಲಿ 'ಯಕ್ಷಗಾನ ಬಯಲಾಟ' ಪುಸ್ತಕ ಬಂತು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಕಾರಂತರು ಬರೆದು ಸುಮ್ಮನಾಗದೆ ರಂಗಕ್ಕೂ ಇಳಿಸಿದರು. ಮಾತು ತೆಗೆದು, ಅವಧಿ ಇಳಿಸಿ, ಹಾಡು ಮತ್ತು ಕುಣಿತವನ್ನೇ ಮುಂದಿಟ್ಟು ಬ್ಯಾಲೆ ಮಾಡಿದರು. ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನ್ ಸೇರಿಸಿದರು.

ಚೆಂಡೆ, ಮದ್ದಳೆ, ತಾಳ, ಶ್ರುತಿ ಬಿಟ್ಟರೆ ರಾಗ ಹಿಡಿದು ನುಡಿಸುವ ವಾದ್ಯ ಬಯಲಾಟದ ಹಿಮ್ಮೇಳದಲ್ಲಿ ಇರಲಿಲ್ಲ. ಹಾಗಾಗಿ ಇದಕ್ಕೆ ತಲೆದೂಗಿದವರೂ ಇದ್ದರು, ಇದು ಯಕ್ಷಗಾನ ಅಲ್ಲ ಅಂದವರೂ ಇದ್ದರು. ಮೇಳಗಳು ಅದನ್ನು ತೆಗೆದುಕೊಳ್ಳಲಿಲ್ಲ.

ಆದರೆ ಇಲ್ಲಿ ದೊಡ್ಡ ತೊಡಕು ವಾದ್ಯದ್ದಲ್ಲ, ಬರಹದ್ದು. ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದ್ಯದ ಮೇಲೆ ರಾಗದ ಹೆಸರು, ತಾಳದ ಹೆಸರು ಇರುತ್ತದೆ. ಏಕ, ಅಷ್ಟ, ಝಂಪೆ, ತ್ರಿವುಡೆ, ಕೋರೆ ಅಂತ ಓದಬಹುದು. ಕೆಳಗೆ ಸಾಹಿತ್ಯ ಇರುತ್ತದೆ. ಸ್ವರ ಮಾತ್ರ ಇಲ್ಲ. ಎಲ್ಲಿ ಎತ್ತಬೇಕು, ಎಲ್ಲಿ ಎಳೆಯಬೇಕು, ಯಾವ ಅಕ್ಷರಕ್ಕೆ ಪೆಟ್ಟು ಎನ್ನುವ ಮಟ್ಟು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ಅದೇ ರಾಗದ ಹೆಸರು ಕರ್ನಾಟಕ ಸಂಗೀತದಲ್ಲೂ ಇರಬಹುದು. ಆದರೆ ಯಕ್ಷಗಾನದಲ್ಲಿ ಅದರ ನಡೆ ಬೇರೆ ಇರಬಹುದು. ಬಲ್ಲ ಕೊನೆಯ ಭಾಗವತರು ಹೋದ ಮೇಲೆ ಉಳಿಯುವುದು ಆ ಹೆಸರು ಒಂದೇ.

ಸೊನಾಟಾಕ್ಕೂ ಯಕ್ಷಗಾನದ ಪದ್ಯಕ್ಕೂ ಇರುವ ವ್ಯತ್ಯಾಸ ಇದು. ಅಲ್ಲಿ ಜನ ಹೋದರೂ ಸ್ವರ ಉಳಿದಿತ್ತು. ಇಲ್ಲಿ ಜನ ಹೋದರೆ ಸ್ವರವೂ ಹೋಯಿತು.

ನಾವಡರು ಹೇಗೆ ಉಳಿದರು?

ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕ ಪ್ರಾಯ. ನಾರಣಪ್ಪ ಉಪ್ಪೂರರ ಗರಡಿಯಲ್ಲಿ ಪಳಗಿದವರು. ಅವರ ಆಟ ಒಂದನ್ನೂ ನೋಡದ ಇಪ್ಪತ್ತರ ಹುಡುಗರು ಇವತ್ತು ಅವರ ಪದ್ಯ ಗುನುಗುತ್ತಾರೆ. ಕಾರಣ ಕ್ಯಾಸೆಟ್. ಮೆಟ್ನರ್‌ಗೆ ಮಹಾರಾಜರ ಹಣದಿಂದ ಆದದ್ದು ನಾವಡರಿಗೆ ಅಂಗಡಿಯ ಕ್ಯಾಸೆಟ್ಟಿನಿಂದ, ಅಭಿಮಾನಿಗಳ ಟೇಪ್ ರೆಕಾರ್ಡರಿನಿಂದ ಆಯಿತು.

ಆದರೆ ಎಲ್ಲ ಭಾಗವತರಿಗೂ ಅಷ್ಟು ಅಭಿಮಾನಿಗಳಿರಲಿಲ್ಲ. ಊರಿನ ಹರಕೆ ಆಟದಲ್ಲಿ ಯಾರೋ ರಂಗಸ್ಥಳದ ಪಕ್ಕ ಇಟ್ಟ ಟೇಪ್ ರೆಕಾರ್ಡರಿನಲ್ಲಿ ಸಿಕ್ಕ ಹಾಡುಗಾರಿಕೆ ಇನ್ನೆಲ್ಲೂ ಇರಲಿಕ್ಕಿಲ್ಲ. ಕಂಪನಿ ಕ್ಯಾಸೆಟ್‌ಗೆ ನೂರಾರು ಪ್ರತಿ ಇರುತ್ತದೆ. ಮನೆಯವರು ಹಿಡಿದದ್ದಕ್ಕೆ ಒಂದೇ ಪ್ರತಿ.

ಮನೆಯಲ್ಲಿ ಮಾಡಬಹುದಾದದ್ದು

ಘಟ್ಟದ ಬುಡದ ಮಳೆ ಮತ್ತು ತೇವ ಕ್ಯಾಸೆಟ್‌ಗೆ ಶತ್ರು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬಾರದು. ಟೇಪೂ ಹಾಳು, ಪ್ಲೇಯರಿನ ಹೆಡ್ಡೂ ಹಾಳು. ಅಂಥದ್ದನ್ನು ಬೇರೆ ತೆಗೆದಿಟ್ಟು ತಿಳಿದವರಿಗೆ ತೋರಿಸುವುದು ಒಳ್ಳೆಯದು. ಚೆನ್ನಾಗಿರುವ ಕ್ಯಾಸೆಟ್‌ಗಳನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಣ ಜಾಗದಲ್ಲಿ, ಸ್ಪೀಕರ್ ಮತ್ತು ಅಯಸ್ಕಾಂತದಿಂದ ದೂರ ಇಡಬೇಕು.

ಕಂಪ್ಯೂಟರಿಗೆ ಇಳಿಸುವುದು ಕಷ್ಟದ ಕೆಲಸ ಅಲ್ಲ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಆಡಿಯೋ ಇನ್‌ಪುಟ್‌ಗೆ ಒಂದು ವಯರ್ ಹಾಕಿ, ಧ್ವನಿ ಒಡೆಯದಷ್ಟು ವಾಲ್ಯೂಮ್ ಇಟ್ಟು ರೆಕಾರ್ಡ್ ಮಾಡಿದರಾಯಿತು. ಸ್ಪೀಕರ್ ಎದುರು ಮೊಬೈಲ್ ಹಿಡಿದರೆ ಫ್ಯಾನ್ ಸದ್ದು, ನಾಯಿ ಕೂಗು ಎಲ್ಲ ಸೇರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಅದೂ ಆಗಬಹುದು, ಏನೂ ಇಲ್ಲದ್ದಕ್ಕಿಂತ ವಾಸಿ. ಎರಡು ಕಡೆ ಪ್ರತಿ ಇಟ್ಟರೆ ಒಂದು ಹೋದರೂ ಇನ್ನೊಂದು ಇರುತ್ತದೆ. ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಎಲ್ಲಕ್ಕಿಂತ ಮುಖ್ಯ ಚೀಟಿ. ಯಾವ ಪ್ರಸಂಗ, ಭಾಗವತರು ಯಾರು, ಮದ್ದಳೆ ಚೆಂಡೆ ಯಾರದ್ದು, ಯಾವ ಊರು, ಯಾವ ವರ್ಷ ಎಂದು ಬರೆಯಬೇಕು. ತಿಳಿದವರು ಸಿಕ್ಕಿದರೆ ರಾಗ, ತಾಳವನ್ನೂ ಕೇಳಿ ಬರೆಯಬೇಕು. ಹೆಸರಿಲ್ಲದ ರೆಕಾರ್ಡಿಂಗ್ ಕೂಡಾ ಹಾಳೆ ಕಳೆದ ಹಸ್ತಪ್ರತಿಯಂತೆ. ಇನ್ನೊಂದು ವಿಷಯ, ಕಂಪನಿಗಳು ಹೊರತಂದ ಧ್ವನಿಮುದ್ರಣಕ್ಕೆ ಪ್ರಕಟವಾದ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಅದನ್ನು ಜಾಲತಾಣಕ್ಕೆ ಹಾಕುವ ಮೊದಲು ಯೋಚಿಸಬೇಕು.

ಪ್ರಾಯವಾದ ಭಾಗವತರು ಹತ್ತಿರದಲ್ಲಿ ಇದ್ದರೆ ಕೆಲಸ ಇನ್ನೂ ಸುಲಭ. ಒಂದು ಪ್ರಸಂಗ ಪುಸ್ತಕ ಮುಂದಿಟ್ಟು, ಈಗ ಯಾರೂ ಹಾಡದ ಪದ್ಯ ಯಾವುದು ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಹಾಡಿಸಿ ಮೊಬೈಲಿನಲ್ಲಿ ಹಿಡಿಯಬಹುದು. ಸ್ವರ ಕುಂದಿರಬಹುದು, ಉಸಿರು ಸಾಲದಿರಬಹುದು. ಮಟ್ಟು ತಿಳಿದರೆ ಸಾಕು, ಮುಂದೆ ಹಾಡುವವರಿಗೆ ಅದೇ ಆಧಾರ. ಆಲಿಸ್ ಮೇರಿ ಸ್ಮಿತ್ ಅವರ ಸೊನಾಟಾ ನುಡಿಸುವವರಿಗಾಗಿ ಕಾಗದದಲ್ಲಿ ಕಾಯುತ್ತಾ ಕೂರಬಹುದಿತ್ತು. ಇಲ್ಲಿನ ಮಟ್ಟಿಗೆ ಹಾಗೆ ಕಾಯಲು ಆಗುವುದಿಲ್ಲ.