ಸ್ಥಾನನಿರ್ಣಯದ ಲೈಬ್ರರಿ: ದೋಷವೂ ಪರಿಹಾರವೂ

ಕನ್ನಡ ನಾಡಿನ ದಾನಶಾಸನಗಳಲ್ಲಿ ದತ್ತಿಭೂಮಿಯ ಎಲ್ಲೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು, ಹಳ್ಳ, ಬಂಡೆ, ಮರ, ನಟ್ಟ ಕಲ್ಲುಗಳ ಗುರುತಿನಿಂದ ನಿರ್ದೇಶಿಸುವ ಸಂಪ್ರದಾಯವಿತ್ತು. ಗುರುತು ತಪ್ಪಿದಲ್ಲಿ ವ್ಯಾಜ್ಯಕ್ಕೆ ಆಸ್ಪದವಾಗುವುದು ಸಹಜವೇ. ಇಂದು ಅದೇ ಕಾರ್ಯವನ್ನು ಅಕ್ಷಾಂಶ, ರೇಖಾಂಶಗಳೆಂಬ ಎರಡು ಅಂಕಿಗಳು ನಿರ್ವಹಿಸುತ್ತಿವೆ. ರೋಗಿಯ ಮನೆಯನ್ನು ಅರಸಿ ಹೊರಟ ಆಂಬುಲೆನ್ಸ್ ಈ ಅಂಕಿಗಳನ್ನೇ ನಂಬಿ ಸಾಗುವಾಗ, ಅವುಗಳಲ್ಲಿನ ದೋಷ ಪ್ರಾಣಕ್ಕೇ ಸಂಚಕಾರವಾಗಬಲ್ಲದು. ಆದುದರಿಂದ ವೆಬ್ ಪುಟಗಳಲ್ಲಿ ಸ್ಥಾನನಿರ್ಣಯದ ವ್ಯವಸ್ಥೆಯನ್ನು ಅಳವಡಿಸುವಾಗ ತಲೆದೋರುವ ತೊಡಕುಗಳನ್ನು ಅರಿಯುವುದು ಅವಶ್ಯಕ.

ಇಲ್ಲಿ ಲೈಬ್ರರಿಯೆಂದರೆ ಪುಸ್ತಕಭಂಡಾರವಲ್ಲ. ಒಬ್ಬರು ಸಿದ್ಧಪಡಿಸಿಟ್ಟು ಇತರರು ಬಳಸಿಕೊಳ್ಳುವ ಆದೇಶಗಳ ಸಮುಚ್ಚಯ. ಉಕ್ರೇನಿನ ವೊಲೊದಿಮಿರ್ ಅಗಾಫೋಂಕಿನ್ ಅವರು 2011ರಲ್ಲಿ ಹೊರತಂದ ‘ಲೀಫ್ಲೆಟ್’ ಅಂತಹ ಒಂದು ನಕ್ಷೆಯ ಲೈಬ್ರರಿ. ಅದು ತಾನೇ ಸ್ಥಾನವನ್ನು ಕಂಡುಹಿಡಿಯುವುದಿಲ್ಲ, ಬ್ರೌಸರನ್ನು ಕೇಳುತ್ತದೆ. ಬ್ರೌಸರು ಉಪಗ್ರಹಗಳ ಸಂಕೇತ, ಸುತ್ತಲಿನ ವೈಫೈ, ಮೊಬೈಲ್ ಗೋಪುರ ಮೊದಲಾದವುಗಳ ನೆರವಿನಿಂದ ಉತ್ತರ ಕೊಡುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲಿದೆಯೆಂದು ಕ್ರಮವಾಗಿ ಶೋಧಿಸುವುದೇ ದೋಷಪರಿಹಾರದ ಮಾರ್ಗ.

ಮೊದಲನೆಯದು ಸುರಕ್ಷತೆಯ ನಿಯಮ. ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗುವ ವಿಳಾಸದ ಪುಟಗಳಿಗೆ ಮಾತ್ರ ಬ್ರೌಸರು ಸ್ಥಾನವನ್ನು ತಿಳಿಸುತ್ತದೆ. ಕ್ರೋಮ್ ಬ್ರೌಸರು ಈ ಕಟ್ಟುಪಾಡನ್ನು 2016ರಲ್ಲಿ ಜಾರಿಗೆ ತಂದಿತು. ತಯಾರಕರ ಗಣಕದಲ್ಲಿ ‘ಲೋಕಲ್‌ಹೋಸ್ಟ್’ ಎಂಬ ವಿಳಾಸಕ್ಕೆ ವಿನಾಯಿತಿಯಿದೆ. ಹೀಗಾಗಿ ಅಲ್ಲಿ ಸೊಗಸಾಗಿ ನಡೆದ ಪುಟ, ಸಾಮಾನ್ಯ ‘ಎಚ್‌ಟಿಟಿಪಿ’ ವಿಳಾಸಕ್ಕೆ ಏರಿಸಿದೊಡನೆ ಮೌನವಾಗುವುದುಂಟು. ಸುರಕ್ಷತಾ ಪ್ರಮಾಣಪತ್ರವನ್ನು ಅಳವಡಿಸುವುದೇ ಇದಕ್ಕೆ ಪರಿಹಾರ.

ಎರಡನೆಯದು ಅನುಮತಿ. ಬಳಕೆದಾರರು ಒಮ್ಮೆ ನಿರಾಕರಿಸಿದರೆ ಬ್ರೌಸರು ಅದನ್ನು ಸಾಮಾನ್ಯವಾಗಿ ನೆನಪಿಟ್ಟುಕೊಂಡು ಮತ್ತೆ ಪ್ರಶ್ನಿಸುವುದಿಲ್ಲ. ಅವರೇ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬೇಕು. ಪುಟ ತೆರೆದೊಡನೆ ಅನುಮತಿ ಬೇಡುವುದಕ್ಕಿಂತ, ‘ನನ್ನ ಸ್ಥಳ ತೋರಿಸು’ ಎಂಬ ಗುಂಡಿಯನ್ನು ಒತ್ತಿದಾಗ ಕಾರಣ ತಿಳಿಸಿ ಕೇಳುವುದು ಲೇಸು. ಒಬ್ಬರಿರುವ ಸ್ಥಳ ಅವರ ಸ್ವಂತ ವಿಷಯ. ಹೇಳದೆ ಕೇಳದೆ ಅದನ್ನು ಅರಿಯಲೆಳಸುವುದು ಸಭ್ಯತೆಯಲ್ಲ.

ಮೂರನೆಯದು ದೋಷಸಂಖ್ಯೆಗಳು. ಬ್ರೌಸರು ತನ್ನ ಸೋಲನ್ನು ಮೂರು ಅಂಕಿಗಳಿಂದ ಸೂಚಿಸುತ್ತದೆ: 1 ಎಂದರೆ ಅನುಮತಿ ಇಲ್ಲ, 2 ಎಂದರೆ ಸ್ಥಾನ ದೊರೆಯಲಿಲ್ಲ, 3 ಎಂದರೆ ಕಾಲ ಮೀರಿತು. ಕಾಲಾವಧಿಯನ್ನು ಮಿಲಿಸೆಕೆಂಡುಗಳಲ್ಲಿ ಬರೆಯತಕ್ಕದ್ದು. ಹತ್ತು ಸೆಕೆಂಡು ಎಂಬ ಅಭಿಪ್ರಾಯದಿಂದ 10 ಎಂದು ಬರೆದರೆ ಸೆಕೆಂಡಿನ ನೂರನೆಯ ಒಂದು ಭಾಗವಷ್ಟೇ ಕಾದು, ಸಾಮಾನ್ಯವಾಗಿ 3ನೆಯ ದೋಷವೇ ಒದಗುವುದು. ಬರೆಯಬೇಕಾದುದು 10000. ಈ ಮೂರು ಉತ್ತರಗಳಿಗೂ ಬೇರೆ ಬೇರೆ ಸೂಚನೆಗಳನ್ನು ಪುಟದಲ್ಲಿ ಒದಗಿಸಿದರೆ ಬಳಕೆದಾರರು ದಿಕ್ಕುಗಾಣದೆ ನಿಲ್ಲುವ ಪ್ರಮೇಯವಿರದು.

ನಾಲ್ಕನೆಯದು ನಕ್ಷೆ. ಸ್ಥಾನ ದೊರೆತರೂ ನಕ್ಷೆ ಕಾಣದಿದ್ದರೆ, ಅದನ್ನಿರಿಸಿದ ಚೌಕಟ್ಟಿಗೆ ಎತ್ತರವನ್ನು ನಿಗದಿಪಡಿಸಿದೆಯೇ ಎಂದು ನೋಡಬೇಕು. ಎತ್ತರ ಸೊನ್ನೆಯಾದಲ್ಲಿ ನಕ್ಷೆ ಇದ್ದೂ ಇಲ್ಲದಂತೆ. ನಕ್ಷೆ ಕಂಡರೂ ಬಳಕೆದಾರರ ಊರಿನತ್ತ ಸರಿಯದಿದ್ದರೆ, ಲೀಫ್ಲೆಟ್ಟಿನ ‘ಸೆಟ್‌ವ್ಯೂ’ ಆಯ್ಕೆಯನ್ನು ಪರಿಶೀಲಿಸಬೇಕು. ಸ್ಥಾನಶೋಧದಲ್ಲಿ ನಾವಾಗಿ ಹೇಳದ ಹೊರತು ಅದು ನಿಷ್ಕ್ರಿಯವಾಗಿರುತ್ತದೆ.

ಐದನೆಯದೇ ಅತ್ಯಂತ ವಂಚಕವಾದುದು: ಅಂಕಿಗಳ ಅನುಕ್ರಮ. ಲೀಫ್ಲೆಟ್ ಅಕ್ಷಾಂಶವನ್ನು ಮೊದಲು ಬೇಡುತ್ತದೆ. ‘ಜಿಯೋಜೇಸನ್’ ಎಂಬ ದಾಖಲೆಯ ರೂಪದಲ್ಲಿ ರೇಖಾಂಶವೇ ಮೊದಲು. ಸಮಾಸದಲ್ಲಿ ಪದಗಳು ಸ್ಥಾನಪಲ್ಲಟವಾದರೆ ರಾಜಪುತ್ರನು ಪುತ್ರರಾಜನಾಗಿ ಅರ್ಥ ಕೆಡುವಂತೆ ಇಲ್ಲಿಯೂ ಆಗುತ್ತದೆ. ಬೆಂಗಳೂರಿನ ಅಕ್ಷಾಂಶ ಸುಮಾರು 12.97 ಉತ್ತರ, ರೇಖಾಂಶ 77.59 ಪೂರ್ವ. ಇವು ಅದಲುಬದಲಾದರೆ ಗುರುತು ಉತ್ತರಧ್ರುವದತ್ತ ಸಾಗಿ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಹಿಮಸಾಗರದಲ್ಲಿ ನಿಲ್ಲುವುದು. ಎರಡೂ ಬರಿದಾಗಿ ಸೊನ್ನೆಯೆನಿಸಿದರೆ ಆಫ್ರಿಕದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯೇ ಗತಿ. ದೋಷಸಂಖ್ಯೆಯೊಂದೂ ಇಲ್ಲಿ ಎಚ್ಚರಿಸದು. ಕಣ್ಣಿಟ್ಟು ನೋಡಿಯೇ ಅರಿಯಬೇಕು.

ಕೊನೆಯದಾಗಿ, ದೊರೆತ ಸ್ಥಾನದೊಡನೆ ‘ನಿಖರತೆ’ ಎಂಬ ಇನ್ನೊಂದು ಅಂಕಿ ಮೀಟರುಗಳಲ್ಲಿ ಬರುತ್ತದೆ. ಬಯಲಿನಲ್ಲಿರುವ ಫೋನಿನಲ್ಲಿ ಅದು ಕೆಲವೇ ಮೀಟರುಗಳಾಗಿರಬಹುದು. ಉಪಗ್ರಹಸಂಕೇತ ಗ್ರಹಿಸದ ಮೇಜಿನ ಗಣಕದಲ್ಲಿ ಕಿಲೋಮೀಟರುಗಳಷ್ಟಾದರೂ ಆಶ್ಚರ್ಯವಿಲ್ಲ. ಆ ಅಂಕಿಯನ್ನು ಬಚ್ಚಿಟ್ಟು ಒಂದೇ ಚುಕ್ಕೆಯನ್ನು ತೋರಿಸುವುದು ಅರೆನಿಜ. ಚುಕ್ಕೆಯ ಸುತ್ತ ಅಷ್ಟೇ ವ್ಯಾಸಾರ್ಧದ ವೃತ್ತವನ್ನು ಬರೆದು, ‘ಈ ಎಲ್ಲೆಯೊಳಗೆ’ ಎನ್ನುವುದು ಪ್ರಾಮಾಣಿಕ. ತಿಳಿದಷ್ಟನ್ನೇ ತಿಳಿದಿದೆಯೆಂದು ಹೇಳುವ ಈ ಸಂಯಮ ಕಲಿಯುವ ಮಕ್ಕಳಿಗೂ, ಕಲಿಸುವ ಗುರುಗಳಿಗೂ, ಯಂತ್ರವನ್ನು ನಡೆಸುವವರಿಗೂ ಸಮಾನವಾಗಿ ಭೂಷಣಪ್ರಾಯವಾದುದು.