ಕ್ಲೌಡ್ ಸೇವೆಗಳ ನೆರವಿನಿಂದ ಆ್ಯಪ್ ನಿರ್ಮಾಣ

ಕ್ಲೌಡ್ ಸೇವೆಗಳ ನೆರವಿನಿಂದ ಆ್ಯಪ್ ನಿರ್ಮಾಣ ಎಂದರೆ ಜಾಲತಾಣಕ್ಕೆ ಅಥವಾ ಮೊಬೈಲ್ ಆ್ಯಪ್‌ಗೆ ಬೇಕಾದ ಲಾಗಿನ್, ದತ್ತಾಂಶ ಸಂಗ್ರಹ, ಚಿತ್ರಗಳ ಉಳಿಕೆ, ಸೂಚನೆಗಳ ರವಾನೆ ಮೊದಲಾದ ಸೌಲಭ್ಯಗಳನ್ನು ಸ್ವಂತ ಸರ್ವರ್ ಇರಿಸಿಕೊಳ್ಳದೆ, ಅಂತರಜಾಲದ ಮೂಲಕ ದೊರೆಯುವ ಸಿದ್ಧ ಸೇವೆಗಳಿಂದ ಜೋಡಿಸಿಕೊಳ್ಳುವ ವಿಧಾನ. ಈ ಲೇಖನವು ಆ ವಿಧಾನವನ್ನು ಕರ್ನಾಟಕದ ಬೆಳೆ ಸಮೀಕ್ಷೆಯ ಉದಾಹರಣೆಯಿಂದ, ಮುಖ್ಯವಾಗಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಸ್ಥಿತಿಗತಿಯನ್ನು ಗಮನದಲ್ಲಿರಿಸಿಕೊಂಡು ವಿವರಿಸುತ್ತದೆ.

ಹಿನ್ನೆಲೆ

ಅಮೆಜಾನ್ ಸಂಸ್ಥೆಯು 2006ರಲ್ಲಿ ಕಡತ ಸಂಗ್ರಹದ ಎಸ್3 ಹಾಗೂ ಗಣಕಶಕ್ತಿಯನ್ನು ಬಾಡಿಗೆಗೆ ಕೊಡುವ ಇಸಿ2 ಸೇವೆಗಳನ್ನು ಆರಂಭಿಸಿತು. ಮೊಬೈಲ್ ಆ್ಯಪ್‌ಗಳಿಗೆ ಬೇಕಾದ ಸೌಲಭ್ಯಗಳನ್ನು ಒಂದೇ ಕಡೆ ಒದಗಿಸುವ ಫೈರ್‌ಬೇಸ್ 2014ರಲ್ಲಿ ಗೂಗಲ್‌ನ ವಶವಾಯಿತು. ಭಾರತ ಸರ್ಕಾರದ ಕ್ಲೌಡ್ ಯೋಜನೆಗೆ 'ಮೇಘರಾಜ್' ಎಂಬ ಹೆಸರಿದೆ. ಮಳೆಮೋಡ ಕವಿದಾಗಲೇ ಮೊಬೈಲ್ ಸಂಪರ್ಕ ಕೈಕೊಡುವ ಮಲೆನಾಡಿನ ಸೆರಗಿನಲ್ಲಿ ಈ ಹೆಸರು ಸ್ವಲ್ಪ ವಿನೋದವಾಗಿಯೂ ಕೇಳಿಸುತ್ತದೆ.

ಬೆಳೆ ಸಮೀಕ್ಷೆಯ ಆ್ಯಪ್

ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರು ತಮ್ಮ ಜಮೀನಿನ ಬೆಳೆಯನ್ನು ತಾವೇ ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ಅವಕಾಶ ದೊರೆಯಿತು. ರೈತನು ಮೊಬೈಲ್ ಸಂಖ್ಯೆ ಮತ್ತು ಓಟಿಪಿ ಕೊಟ್ಟು ಪ್ರವೇಶಿಸಿ, ತನ್ನ ಗ್ರಾಮದ ಸರ್ವೆ ನಂಬರ್ ಹಾಗೂ ಹಿಸ್ಸಾ ಆರಿಸಿ, ಜಮೀನಿನಲ್ಲಿ ನಿಂತು ಬೆಳೆಯ ವಿವರ ಹಾಗೂ ಛಾಯಾಚಿತ್ರವನ್ನು ಸೇರಿಸಬೇಕು. ದಾಖಲಾದುದನ್ನು ನೋಡಿ ಆಕ್ಷೇಪಣೆ ಸಲ್ಲಿಸಲು 'ಬೆಳೆ ದರ್ಶಕ್' ಎಂಬ ಇನ್ನೊಂದು ಆ್ಯಪ್ ಬಂದಿತು.

ಈ ವಿವರಗಳು ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಂಬಲ ಬೆಲೆ ಮತ್ತು ಪ್ರಕೃತಿ ವಿಕೋಪ ಪರಿಹಾರಗಳಿಗೆ ಆಧಾರವಾಗುತ್ತವೆ. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗುವ ಸಂಭವವುಂಟು. ಆದ್ದರಿಂದ ಫೋನಿನಿಂದ ಹೊರಟ ದಾಖಲೆ ಸರ್ವರನ್ನು ಮುಟ್ಟಿತೇ ಇಲ್ಲವೇ ಎಂಬುದು ಇಲ್ಲಿ ಕೇವಲ ತಾಂತ್ರಿಕ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ಮೂರು ತಾಲ್ಲೂಕುಗಳ ತೋಟಗಳಲ್ಲಿ ಒಂದೇ ಬೆಳೆ ಇರುವುದು ಅಪರೂಪ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ; ನಡುವೆ ಬಾಳೆ, ಅಲ್ಲಲ್ಲಿ ತೆಂಗು, ಜೊತೆಗೆ ಕೊಕ್ಕೋ (ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಇರುವುದು ಪುತ್ತೂರಿನಲ್ಲಿಯೇ). ಒಂದು ಹಿಸ್ಸಾಕ್ಕೆ ಒಂದೇ ಬೆಳೆ ಎಂದು ಭಾವಿಸಿ ದತ್ತಾಂಶದ ಕೋಷ್ಟಕವನ್ನು ರೂಪಿಸಿದರೆ ಮೆಣಸು, ಕೊಕ್ಕೋ ಎರಡೂ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಹಿಸ್ಸಾ ಒಂದು ದಾಖಲೆ, ಅದರಡಿ ಪ್ರತಿ ಬೆಳೆಯೂ ಪ್ರತ್ಯೇಕ ಉಪದಾಖಲೆ ಎಂಬ ರಚನೆಯೇ ಇಂಥ ತೋಟಕ್ಕೆ ಸೂಕ್ತ.

ಸಂಪರ್ಕವಿಲ್ಲದ ಸ್ಥಳದಲ್ಲಿ ಕಾರ್ಯವಿಧಾನ

ಕ್ಲೌಡ್ ಸೇವೆಗಳ ಪರಿಚಯ ಪಾಠಗಳು ಸಾಮಾನ್ಯವಾಗಿ ಸದಾ ಸಂಪರ್ಕವಿದೆ ಎಂಬ ನಂಬಿಕೆಯಿಂದ ಆರಂಭವಾಗುತ್ತವೆ. ಘಟ್ಟದ ಬುಡದ ಕಲ್ಮಕಾರು, ಸಂಪಾಜೆ, ಶಿರಾಡಿಯಂಥ ಗ್ರಾಮಗಳಲ್ಲಿ ಗುಡ್ಡಗಳು ಸಂಕೇತವನ್ನು ತಡೆಯುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿದರೆ ಗೋಪುರವೂ ಸ್ಥಗಿತಗೊಳ್ಳುತ್ತದೆ. ಇಲ್ಲಿಗೆ ಆ್ಯಪ್ ರೂಪಿಸುವವರು ಸಂಪರ್ಕವಿಲ್ಲದಿರುವುದನ್ನೇ ಸಹಜ ಸ್ಥಿತಿಯೆಂದು ಎಣಿಸುವುದು ಲೇಸು.

ಇದರ ಮೊದಲ ಮೆಟ್ಟಿಲು, ದಾಖಲೆಯನ್ನು ಫೋನಿನಲ್ಲಿಯೇ ಬರೆದಿಟ್ಟು, ಸಂಪರ್ಕ ಸಿಕ್ಕಾಗ ಸರದಿಯಂತೆ ಕಳುಹಿಸುವುದು. ಫೈರ್‌ಬೇಸ್‌ನ ಫೈರ್‌ಸ್ಟೋರ್ ದತ್ತಸಂಚಯವು ಆ್ಯಂಡ್ರಾಯ್ಡ್ ಹಾಗೂ ಐಓಎಸ್ ಆ್ಯಪ್‌ಗಳಲ್ಲಿ ಈ ಕೆಲಸವನ್ನು ತಾನಾಗಿ ಮಾಡುತ್ತದೆ. ಜಾಲತಾಣಗಳಲ್ಲಿ ಮಾತ್ರ ಅದನ್ನು ಪ್ರತ್ಯೇಕವಾಗಿ ಸಕ್ರಿಯಗೊಳಿಸಬೇಕು. ಆದರೆ ಈ ಅನುಕೂಲ ಬರಹಕ್ಕಷ್ಟೇ ಇದೆ. ಛಾಯಾಚಿತ್ರಗಳ ಸರದಿಯನ್ನು ನಿರ್ಮಾಪಕರೇ ಬರೆದುಕೊಳ್ಳಬೇಕು. ಆ್ಯಂಡ್ರಾಯ್ಡ್‌ನಲ್ಲಿ ಇದಕ್ಕೆ ವರ್ಕ್‌ಮ್ಯಾನೇಜರ್ ಎಂಬ ಸಾಧನವಿದೆ. ಫೋನ್ ಆರಿಸಿ ಮತ್ತೆ ಹಚ್ಚಿದರೂ ಬಾಕಿ ಕೆಲಸ ಅದರ ನೆನಪಿನಲ್ಲಿರುತ್ತದೆ.

ಎರಡನೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ನೋಂದಾಯಿತ ಅಂಚೆಯಲ್ಲಿ ಪತ್ರ ತಲುಪಿ, ಸ್ವೀಕೃತಿ ಚೀಟಿ ಮಾತ್ರ ದಾರಿಯಲ್ಲಿ ಕಳೆದುಹೋದರೆ ಕಳುಹಿಸಿದವನು ಪತ್ರ ಮುಟ್ಟಿಲ್ಲವೆಂದು ಭಾವಿಸಿ ಮತ್ತೊಂದನ್ನು ಬರೆಯುತ್ತಾನೆ. ಆ್ಯಪ್ ಕೂಡ ಹಾಗೆಯೇ. ದಾಖಲೆ ಸರ್ವರನ್ನು ಸೇರಿ, ಉತ್ತರ ಮರಳುವ ಮೊದಲೇ ಸಂಪರ್ಕ ಕಡಿದರೆ ಅದೇ ದಾಖಲೆ ಇನ್ನೊಮ್ಮೆ ಹೋಗಿ, ಒಂದು ಎಕರೆ ಅಡಿಕೆ ಎರಡು ಎಕರೆಯಾಗಿ ಕಾಣಬಹುದು. ದಾಖಲೆ ಹುಟ್ಟುವಾಗಲೇ ಫೋನ್ ಅದಕ್ಕೊಂದು ಅನನ್ಯ ಸಂಖ್ಯೆಯನ್ನು ಕೊಡುವುದು, ಅದೇ ಸಂಖ್ಯೆ ಮರಳಿ ಬಂದರೆ ಸರ್ವರ್ ಹೊಸದನ್ನು ಸೃಷ್ಟಿಸದೆ ಹಳೆಯದನ್ನೇ ದೃಢಪಡಿಸುವುದು ಇದಕ್ಕೆ ಪರಿಹಾರ. ಸ್ವೀಕೃತಿ ಬರುವವರೆಗೆ ಫೋನಿನಲ್ಲಿರುವ ಪ್ರತಿಯನ್ನು ಅಳಿಸಬಾರದು. ಬಳಸುವವರು ಸಹ, ಬಾಕಿ ದಾಖಲೆ ಇರುವಾಗ ಆ್ಯಪ್ ತೆಗೆದುಹಾಕಿದರೆ ಸಾಮಾನ್ಯವಾಗಿ ಅವೂ ಅದರೊಂದಿಗೆ ಅಳಿಯುತ್ತವೆ ಎಂಬುದನ್ನು ತಿಳಿದಿರಬೇಕು.

ತಂದೆಯ ಫೋನಿನಿಂದ ಒಂದು ವಿವರ, ಮಗನ ಫೋನಿನಿಂದ ಇನ್ನೊಂದು ವಿವರ ಒಂದೇ ಹಿಸ್ಸಾಕ್ಕೆ ಬಂದಾಗ ಅನೇಕ ಸೇವೆಗಳು ಕೊನೆಗೆ ಬಂದುದನ್ನು ಉಳಿಸಿಕೊಳ್ಳುತ್ತವೆ. ಚಿಕ್ಕ ಟಿಪ್ಪಣಿಗಳಿಗೆ ಈ ನಿಯಮ ಸಾಕು. ಭೂಮಿಯ ವಿಷಯದಲ್ಲಿ ಸಲ್ಲದು. ಎರಡನ್ನೂ ಉಳಿಸಿ ಮೇಲ್ವಿಚಾರಕರ ಪರಿಶೀಲನೆಗೆ ಒಪ್ಪಿಸುವುದೇ ಯೋಗ್ಯ.

ಚಿತ್ರದ ಗಾತ್ರವೂ ಮುಖ್ಯ. ಸೆಕೆಂಡಿಗೆ 100 ಕಿಲೋಬಿಟ್ ವೇಗದ ದುರ್ಬಲ ಸಂಪರ್ಕದಲ್ಲಿ 4 ಎಂಬಿ ಚಿತ್ರ ಹೋಗಲು ಐದು ನಿಮಿಷಕ್ಕೂ ಹೆಚ್ಚು ಬೇಕು; 200 ಕೆಬಿಗೆ ಕುಗ್ಗಿಸಿದರೆ ಸುಮಾರು 16 ಸೆಕೆಂಡು ಸಾಕು. ಸ್ಥಳ ಗುರುತಿಸುವ ಜಿಪಿಎಸ್‌ಗೆ ಮೊಬೈಲ್ ಸಂಪರ್ಕ ಅನಿವಾರ್ಯವಲ್ಲ, ಆದರೆ ಅದಿಲ್ಲದಿದ್ದರೆ ಮೊದಲ ಗುರುತು ನಿಧಾನವಾಗುತ್ತದೆ. ಅಡಿಕೆ ತೋಟದ ದಟ್ಟ ನೆರಳಿನಲ್ಲಿ ನಿಖರತೆಯೂ ಕುಗ್ಗುತ್ತದೆ. ಆದಕಾರಣ ಗಡಿಯಿಂದ ಕೆಲವು ಮೀಟರ್ ಆಚೆ ತೋರಿಸಿದ ಮಾತ್ರಕ್ಕೆ ದಾಖಲೆಯನ್ನು ನಿರಾಕರಿಸುವುದು ನ್ಯಾಯವೆನಿಸದು.

ಲಾಗಿನ್ ಮತ್ತು ಗ್ರಾಮಗಳ ಗುರುತು

ಓಟಿಪಿಯ ಅವಧಿ ಕೆಲವೇ ನಿಮಿಷಗಳದ್ದು. ಸಂಕೇತ ಸಿಗುವ ಗುಡ್ಡದಿಂದ ತೋಟಕ್ಕೆ ಇಳಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಮನೆಯಲ್ಲೋ ಪೇಟೆಯಲ್ಲೋ ಒಮ್ಮೆ ಲಾಗಿನ್ ಆದವರನ್ನು ತೋಟದಲ್ಲಿ ಮತ್ತೆ ಓಟಿಪಿ ಕೇಳದಂತೆ ವ್ಯವಸ್ಥೆ ಮಾಡಬೇಕು. ಫೈರ್‌ಬೇಸ್‌ನಲ್ಲಿ ಗುರುತಿನ ಟೋಕನ್ ಒಂದು ಗಂಟೆಗೆ ಮುಗಿದರೂ ಅದನ್ನು ನವೀಕರಿಸುವ ಟೋಕನ್ ಬಹುಕಾಲ ಉಳಿಯುವುದರಿಂದ ಇದು ಸಾಧ್ಯ.

ಗ್ರಾಮಗಳನ್ನು ತಾಲ್ಲೂಕಿನ ಹೆಸರಿನೊಂದಿಗೆ ಬೆಸೆದು ಗುರುತಿಸುವುದು ಇನ್ನೊಂದು ಅಪಾಯ. ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯ ಈಗ ಕಡಬಕ್ಕೆ ಸೇರಿದೆ. 'ಸುಳ್ಯ–ಸುಬ್ರಹ್ಮಣ್ಯ' ಎಂಬುದನ್ನೇ ಗುರುತಿನ ಕೀಲಿಯಾಗಿಸಿಕೊಂಡಿದ್ದರೆ ಹಳೆಯ ದಾಖಲೆ ಬೇರೆ, ಹೊಸದು ಬೇರೆಯಾಗುತ್ತದೆ. ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯು ಪ್ರತಿ ಗ್ರಾಮಕ್ಕೂ ಕೊಟ್ಟಿರುವ ಸಂಕೇತಸಂಖ್ಯೆಯನ್ನು ಬಳಸಿ, ತಾಲ್ಲೂಕನ್ನು ಬದಲಾಯಿಸಬಹುದಾದ ವಿವರವಾಗಿ ಇಡುವುದು ಕ್ಷೇಮ.

ವೆಚ್ಚ

ಕ್ಲೌಡ್ ಸೇವೆಗಳಿಗೆ ಬಳಸಿದಷ್ಟಕ್ಕೆ ಮಾತ್ರ ಶುಲ್ಕ. ವರ್ಷದ ಕೆಲವೇ ವಾರಗಳಲ್ಲಿ ಒತ್ತಡ ಏರುವ ಸಮೀಕ್ಷೆಯಂಥ ಕಾರ್ಯಕ್ಕೆ ಇದು ಹೊಂದುತ್ತದೆ. ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದುವಿಕೆ ಹಾಗೂ 20,000 ಬರಹ ಉಚಿತವಾಗಿದ್ದು, ವಿದ್ಯಾರ್ಥಿಗಳ ಪ್ರಯೋಗಕ್ಕೆ ಧಾರಾಳವೆನ್ನಬಹುದು. ಆದರೆ ಆ್ಯಪ್ ತೆರೆದಾಗಲೆಲ್ಲ ಗ್ರಾಮದ 1,000 ಹಿಸ್ಸಾಗಳ ಪಟ್ಟಿಯನ್ನು ಮರಳಿ ತರಿಸಿದರೆ 50 ಬಾರಿ ತೆರೆಯುವಷ್ಟರಲ್ಲಿ ಆ ದಿನದ ಉಚಿತ ಮಿತಿ ಮುಗಿಯುತ್ತದೆ. ಪಟ್ಟಿಯನ್ನು ಒಮ್ಮೆ ಇಳಿಸಿ ಫೋನಿನಲ್ಲಿಯೇ ಇರಿಸಿಕೊಂಡರೆ ಹಣವೂ ಉಳಿಯುತ್ತದೆ, ಸಂಪರ್ಕವಿಲ್ಲದ ತೋಟದಲ್ಲಿ ಕೆಲಸವೂ ಸಾಗುತ್ತದೆ.